ಕೆಂಪು ನೀರಿನ ಸರದಿ

ಆ ದಿನ ಕೆಂಪು ನೀರು ದಾಟಿದ್ದು ನಾನಲ್ಲ, ನನ್ನ ಅಕ್ಕ. ಇಷ್ಟು ಮಾತನ್ನು ಹೇಳಬೇಕಾಗಿದ್ದ ಹೊತ್ತಿನಲ್ಲಿ, ಹೇಳಬೇಕಾಗಿದ್ದ ಜನರ ಮುಂದೆ ನಾನು ಹೇಳಲಿಲ್ಲ. ಸುಮ್ಮನೆ ಇದ್ದುಬಿಟ್ಟಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲವೇನೋ. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದು ಹೇಳಿ ನಕ್ಕೆ. ನಾನು ನಕ್ಕಿದ್ದರಿಂದ ಉಳಿದವರೂ ನಕ್ಕರು. ಹುಟ್ಟಿದ ಕೇರಿಯಲ್ಲಿ ದುಡಿದು ತಿನ್ನುವ ದಾರಿ ಅಕ್ಕನಿಗೆ ಅಲ್ಲಿಗೆ ಮುಚ್ಚಿಹೋಯಿತು.

ಇದರ ತೂಕ ತಿಳಿಯಬೇಕಾದರೆ ನಮ್ಮ ರೇವು ಎಂಥದು ಎಂಬುದು ತಿಳಿದಿರಬೇಕು.

ಹೊಳೆನರಸೀಪುರದ ಪೇಟೆ ಮುಗಿದು ನೆಲ ಹೇಮಾವತಿಯ ಕಡೆಗೆ ಜಾರುವ ಕಡೆ ನಮ್ಮ ಕೇರಿ ಇತ್ತು. ಮೇಲೆ ನಿಂತರೆ ಪೇಟೆಯ ಗಲಾಟೆ, ಕೆಳಗೆ ಇಳಿದರೆ ಹೊಳೆಯ ಸದ್ದು. ನಾವು ಬೆಸ್ತರು. ಮೀನು ಹಿಡಿಯುವುದು, ಹರಿಗೋಲು ಹಾಕುವುದು, ಎರಡೇ ಕಸುಬು. ಪೇಟೆಯವರು ನಮ್ಮನ್ನು ರೇವಿನವರು ಎನ್ನುತ್ತಿದ್ದರು. ಸಮುದ್ರ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ, ಆದರೂ ನಮ್ಮದು ಬಂದರೇ ಎಂದು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಅರಕಲಗೂಡು ಕಡೆಯ ಹೊಗೆಸೊಪ್ಪು, ಮೆಣಸಿನಕಾಯಿ, ಕುರಿಮರಿ, ಕೋಳಿ, ನೆಂಟರು, ಮದುವೆ ಹುಡುಗಿಯರು, ಎಲ್ಲವೂ ನಮ್ಮ ಕೈಯಿಂದಲೇ ಈಚೆ ದಡ ಕಾಣಬೇಕಾಗಿತ್ತು. ಸೇತುವೆ ಇದ್ದದ್ದು ದೂರದಲ್ಲಿ. ಗಾಡಿ ಇದ್ದವರು ಸುತ್ತಿಕೊಂಡು ಆ ದಾರಿಯಲ್ಲಿ ಬರುತ್ತಿದ್ದರು. ಕಾಲನ್ನೇ ನಂಬಿದವರು ರೇವಿಗೆ ಬರುತ್ತಿದ್ದರು.

ಹರಿಗೋಲು ಎಂದರೆ ಬಿದಿರು ದಬ್ಬೆಯಲ್ಲಿ ಹೆಣೆದು, ಹೊರಗೆ ಎಮ್ಮೆಯ ತೊಗಲು ಹೊದಿಸಿದ ದುಂಡನೆಯ ದೋಣಿ. ಒಬ್ಬ ಗಟ್ಟಿಗ ತಲೆಯ ಮೇಲೆ ಹೊತ್ತು ನಡೆಯಬಹುದು. ಕೆಲಸ ಮುಗಿದ ಮೇಲೆ ದಡಕ್ಕೆ ಎಳೆದು ಬೋರಲು ಹಾಕಿ ಒಣಗಿಸದಿದ್ದರೆ ತೊಗಲು ಕೊಳೆಯುತ್ತದೆ. ಬಿಸಿಲಿನಲ್ಲಿ ಸಾಲಾಗಿ ಬೋರಲು ಬಿದ್ದ ಹರಿಗೋಲುಗಳನ್ನು ದೂರದಿಂದ ಕಂಡರೆ ದೊಡ್ಡ ಆಮೆಗಳು ಮಲಗಿದ ಹಾಗೆ ಕಾಣುತ್ತಿತ್ತು. ಅಗ್ರಹಾರದವರು ತೊಗಲಿನ ಮೇಲೆ ಕೂರುವುದು ಹೇಗೆ ಎಂದು ಮಣೆ ತರುತ್ತಿದ್ದರು. ಮಣೆ ಮರೆತು ಬಂದ ದಿನ ಹರಿಯುವ ನೀರಿನ ಮೇಲೆ ಮೈಲಿಗೆ ಇಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡು ಕೂರುತ್ತಿದ್ದರು. ಶ್ರವಣಬೆಳಗೊಳದ ಕಡೆಯ ಒಬ್ಬ ಜೈನ ವ್ಯಾಪಾರಿ ಬಟ್ಟೆಯ ಗಂಟು ಹೊತ್ತು ಆಚೆ ಹಳ್ಳಿಗಳಿಗೆ ಹೋಗಿಬರುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವಂತಿಲ್ಲ. ಸಂಜೆ ಅವರು ಕೂಗುವ ಕೂಗು ಕೇಳಿದರೇ ಸೂರ್ಯ ಎಷ್ಟು ಇಳಿದಿದ್ದಾನೆ ಎಂದು ನಮಗೆ ತಿಳಿಯುತ್ತಿತ್ತು. ಇನ್ನೂ ಬಿಸಿಲಿದೆ, ಹೊಳೆಯ ನಡುವೆಯೇ ಬುತ್ತಿ ಬಿಚ್ಚಿ ಎಂದು ಅಪ್ಪ ಹಾಸ್ಯ ಮಾಡಿದರೆ, ತೊಗಲಿನ ಮೇಲೆ ಕುಳಿತು ಉಣ್ಣುವುದೇ ಎಂದು ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಹರಿಗೋಲು ಹಾಕುವ ಮನೆಗಳಿಗೆ ವಾರದಲ್ಲಿ ಇಂತಿಂಥ ದಿನ ಎಂದು ಸರದಿ ಇತ್ತು. ನಮ್ಮ ಮನೆಗೆ ಸಂತೆಯ ದಿನ ಮತ್ತು ಅದರ ಮಾರನೆಯ ದಿನ. ಆಚೆ ದಡದಿಂದ ಕೂಗು ಬಂದರೆ ಸರದಿಯವನು ‘ಓ’ ಎನ್ನಬೇಕು. ಒಮ್ಮೆ ಓ ಎಂದ ಮೇಲೆ ಆ ಜನ ಅವನ ಪಾಲಿಗೆ ಬಂದ ಹಾಗೆ. ಉಣ್ಣುತ್ತಿದ್ದರೆ ಕೈ ತೊಳೆದು ಏಳಬೇಕು. ಅದಕ್ಕೇ ಮಳೆಗಾಲದಲ್ಲಿ ತಿಳಿದವರು ಮೊದಲು ನೀರಿನ ಹತ್ತಿರ ಹೋಗಿ ನೋಡಿ ಆಮೇಲೆ ಓ ಎನ್ನುತ್ತಿದ್ದರು. ಆಗುವುದಿಲ್ಲ ಎನಿಸಿದರೆ ಹೆಗಲ ಮೇಲಿನ ವಸ್ತ್ರ ತೆಗೆದು ಬೀಸಿದರೆ ಆಯಿತು, ಆಚೆಯವರು ತಿರುಗಿ ಹೋಗುತ್ತಿದ್ದರು. ಅದರಲ್ಲಿ ನಾಚಿಕೆ ಇರಲಿಲ್ಲ. ಓ ಎಂದು ಹೋಗದೆ ಇದ್ದವನಿಗೆ ಮಾತ್ರ ಕೇರಿಯಲ್ಲಿ ಮುಖವಿರಲಿಲ್ಲ.

ಇನ್ನು ಕೆಂಪು ನೀರು. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ನಮ್ಮಲ್ಲಿ ಬರೀ ಸೋನೆ ಬೀಳುತ್ತಿರುವಾಗಲೇ ಹೊಳೆ ಕೆಂಪಾಗಿ ಉಬ್ಬಿ ಬರುತ್ತಿತ್ತು. ಎಷ್ಟೇ ವರ್ಷ ಹುಟ್ಟು ಹಾಕಿ ಕೈ ಪಳಗಿದ್ದರೂ, ಆ ನೀರಿನಲ್ಲಿ ಒಬ್ಬನೇ ಹೋಗಿ ಆಚೆಯಿಂದ ಒಬ್ಬ ಮನುಷ್ಯನನ್ನಾದರೂ ಕರೆತಂದ ಮೇಲೆಯೇ ಅವನ ಹೆಸರಿಗೆ ಸರದಿ. ಅಲ್ಲಿಯವರೆಗೆ ಅಪ್ಪನ ಹೆಸರಿನಲ್ಲಿ, ಅಣ್ಣನ ಹೆಸರಿನಲ್ಲಿ ದುಡಿಯಬೇಕು. ಹೆಂಗಸರ ಮಾತು ಇದರಲ್ಲಿ ಬರುತ್ತಲೇ ಇರಲಿಲ್ಲ. ಅವರು ತೊಗಲು ಹೊಲಿಯಬಹುದು, ಬಲೆ ಹೆಣೆಯಬಹುದು, ಮೀನು ಮಾರಬಹುದು. ಜನ ಕುಳಿತ ಹರಿಗೋಲಿನಲ್ಲಿ ಹುಟ್ಟು ಹಿಡಿಯುವಂತಿರಲಿಲ್ಲ.

ಅಪ್ಪ ಈ ಕಟ್ಟಲೆಯನ್ನು ಅರ್ಧ ಮಾತ್ರ ಪಾಲಿಸಿದ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಳೆಗೆ ಬಂದಾಗ ಅಕ್ಕ ಆಗಲೇ ಹುಟ್ಟು ಹಾಕುವುದರಲ್ಲಿ ನನಗಿಂತ ಬಹಳ ಮುಂದಿದ್ದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಬೆಳಗಿನ ಹೊತ್ತು ಬಲೆ ಎತ್ತಲು ಅಪ್ಪ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದ. ನಾನು ನೀರನ್ನು ಹೊಡೆಯುತ್ತಿದ್ದೆ, ಅವಳು ನೀರನ್ನು ಬಳಿದು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಮೈನೆರೆದ ಮೇಲೆ ಅಮ್ಮ ಅವಳನ್ನು ಹೊಳೆಗೆ ಬಿಡಲಿಲ್ಲ.

ಅಪ್ಪ ಜ್ವರ ಬಂದು ಹೋದ. ನನಗೆ ಆಗ ಮೀಸೆ ಚಿಗುರುತ್ತಿತ್ತು. ರೇವಿನ ಯಜಮಾನರು ಅಮ್ಮನನ್ನು ಕರೆದು, ಬರುವ ಮಳೆಗಾಲದಲ್ಲಿ ಮಗ ಕೆಂಪು ನೀರು ದಾಟಿದರೆ ಸರದಿ ನಿಮ್ಮ ಮನೆಗೇ ಉಳಿಯುತ್ತದೆ, ಇಲ್ಲದಿದ್ದರೆ ಬೇರೆ ಮನೆಗೆ ಕೊಡಬೇಕಾಗುತ್ತದೆ ಎಂದರು. ಅವರು ಕೆಟ್ಟವರಲ್ಲ. ಇದ್ದ ಕಟ್ಟಲೆಯನ್ನು ಹೇಳಿದರು.

ಶ್ರಾವಣದಲ್ಲಿ ಹೊಳೆ ಬಂತು. ಪೇಟೆಯ ಕೆಳಬೀದಿಯ ಮಂಡಿಯೊಂದಕ್ಕೆ ನೀರು ನುಗ್ಗಿ, ಕೇರಿಯ ಗಂಡಸರೆಲ್ಲ ಮೂಟೆ ಸಾಗಿಸಲು ಹೋಗಿದ್ದರು. ನಮ್ಮ ಸರದಿ ಎಂದು ನಾನು ಉಳಿದಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಆಚೆಯಿಂದ ಕೂಗು ಬಂತು. ಬಾಗಿಲಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದವನು ಬಾಯಲ್ಲಿದ್ದದ್ದನ್ನು ನುಂಗಿ, ನೀರು ನೋಡದೆ, ಜೋರಾಗಿ ಓ ಎಂದೆ. ಇವತ್ತು ದಾಟೇ ದಾಟುತ್ತೇನೆ ಎಂಬ ಹುಮ್ಮಸ್ಸು. ಮೇಲಿನ ಮನೆಗಳ ಹೆಂಗಸರೆಲ್ಲ ನನ್ನ ಓ ಕೇಳಿಸಿಕೊಂಡರು.

ದಡಕ್ಕೆ ಇಳಿದೆ. ಬೇರು ಸಮೇತ ಒಂದು ಮತ್ತಿಯ ಮರ ಹೊಳೆಯ ನಡುವೆ ನಿಧಾನವಾಗಿ ಉರುಳುತ್ತಾ ಹೋಗುತ್ತಿತ್ತು. ಅದು ಒಂದು ಸಲ ಪೂರಾ ಮುಳುಗಿ ಬಹಳ ದೂರದಲ್ಲಿ ಎದ್ದಿತು. ಬೋರಲು ಹಾಕಿದ್ದ ಹರಿಗೋಲಿನ ಹಿಂದೆ, ಮೇಲಿನವರಿಗೆ ಕಾಣದ ಹಾಗೆ, ಕುಕ್ಕರು ಕುಳಿತುಬಿಟ್ಟೆ.

ನಾನು ಮರೆತು ಬಂದಿದ್ದ ಕಂಬಳಿ ಕೊಪ್ಪೆಯನ್ನು ಕೊಡಲು ಅಕ್ಕ ಬಂದಳು.

“ಓ ಅಂದ್ಬುಟ್ಟು ಇಲ್ಲಿ ಕುಂತಿದ್ದೀಯಲ್ಲೋ.”

“ಒಟ್ಟೆ ನೋಯ್ತದೆ ಕಣಕ್ಕ” ಎಂದೆ.

ಅವಳು ನನ್ನ ಮುಖವನ್ನೂ ಹೊಳೆಯನ್ನೂ ನೋಡಿದಳು. ಆಚೆ ದಡದಲ್ಲಿ ಒಬ್ಬನೇ ಮನುಷ್ಯ ನಿಂತಿದ್ದ. “ನೋಯ್ಲಿ ಬುಡು. ಅರಗೋಲ್ನ ಮ್ಯಾಕ್ಕೆ ತಕ್ಕೊಂಡು ಓಗಾಕೆ ಒಂದ್ ಕೈ ಆಕು” ಎಂದು ಕೊಪ್ಪೆಯನ್ನು ತನ್ನ ತಲೆಗೇ ಹಾಕಿಕೊಂಡಳು. ಸೀರೆಯನ್ನು ಕಚ್ಚೆ ಎಳೆದು ಕಟ್ಟಿ, ಬಳೆಗಳನ್ನು ಮೊಳಕೈವರೆಗೆ ಒತ್ತಿ ಬಿಗಿ ಮಾಡಿದಳು. ದಡದ ಉದ್ದಕ್ಕೂ ಮೇಲಕ್ಕೆ ಹೋಗಿ ಅಲ್ಲಿಂದ ಬಿಟ್ಟರೆ ತಾನೇ ನೀರು ಎಳೆದುಕೊಂಡು ಹೋಗುವಷ್ಟರಲ್ಲಿ ಎದುರು ದಡ ಸಿಗುವುದು. ಹರಿಗೋಲು ಹೊತ್ತು ಅವಳ ಹಿಂದೆ ನಡೆದೆ. ಅಷ್ಟು ಮಾಡಿದೆ. ನೀರಿಗೆ ಬಿಟ್ಟ ಮೇಲೆ ಹಾರಿ ಕುಳಿತಳು, ತಿರುಗಿ ನೋಡಲಿಲ್ಲ.

ಅವಳು ಹೊಳೆಯ ಮೇಲೆ ಜಿದ್ದಿಗೆ ಬೀಳಲಿಲ್ಲ. ಹರಿಗೋಲು ಸುತ್ತುವಾಗ ಸುತ್ತಲು ಬಿಟ್ಟು, ತನ್ನ ಕಡೆಗೆ ತಿರುಗಿದ ಹೊತ್ತು ನೋಡಿ ನೀರನ್ನು ಬಳಿದುಕೊಂಡಳು. ಒಂದು ದಿಮ್ಮಿ ಬಂದಾಗ ಹುಟ್ಟು ಎತ್ತಿ ಸುಮ್ಮನೆ ಕುಳಿತು ಅದು ಹೋಗಲು ದಾರಿ ಕೊಟ್ಟಳು. ಬಹಳ ಕೆಳಗೆ ಆಚೆ ದಡ ಸೇರಿದಳು. ಅಲ್ಲಿ ಮತ್ತೆ ಮೇಲಕ್ಕೆ ಎಳೆದುಕೊಂಡು ಹೋಗಿ, ಕೂಗಿದವನನ್ನು ಕೂರಿಸಿಕೊಂಡು ಬಿಟ್ಟಳು. ನಾನು ಈಚೆ ದಡದಲ್ಲಿ ಪೊದೆ ಪೊದೆಯ ಹಿಂದೆ ಕೆಳಕ್ಕೆ ಓಡುತ್ತಾ ಹರಿಗೋಲಿನ ಜೊತೆಯಲ್ಲೇ ಬಂದೆ.

ಬಂದವರು ಅರಕಲಗೂಡು ಕಡೆಯ ಹಳ್ಳಿಯ ಮುದುಕ ಅಕ್ಕಸಾಲಿ. ಮಾರನೆಯ ಬೆಳಗ್ಗೆ ನಮ್ಮ ಪೇಟೆಯ ಮದುವೆ ಮನೆಗೆ ಬೇಕಾದ ತಾಳಿ ಅವರ ಎದೆಯ ಮೇಲಿನ ಗಂಟಿನಲ್ಲಿತ್ತು. ಸೇತುವೆ ಸುತ್ತಿ ಬಂದರೆ ಮುಹೂರ್ತ ತಪ್ಪುತ್ತದೆ ಎಂದು ರೇವಿಗೆ ಬಂದಿದ್ದರು. ಕೊಪ್ಪೆಯೊಳಗಿನ ಮುಖವನ್ನು ಅವರು ನೋಡಿರಲಿಲ್ಲ, ನೀರಿಗೆ ಇಳಿದಾಗ ಮುಚ್ಚಿದ ಕಣ್ಣನ್ನು ಈಚೆ ದಡ ಮುಟ್ಟಿದರೂ ಬಿಟ್ಟಿರಲಿಲ್ಲ. ಮೇಲಿನ ಹೆಂಗಸರು ಇಳಿದು ಬರುತ್ತಿದ್ದ ಸದ್ದು ಕೇಳಿ ಅಕ್ಕ ಹುಟ್ಟನ್ನು ನನ್ನ ಕೈಗೆ ತುರುಕಿ, ಕೊಪ್ಪೆಯನ್ನು ನನ್ನ ತಲೆಗೆ ಎಸೆದು, ಪೊದೆಯೊಳಗೆ ನುಗ್ಗಿ ಮನೆಗೆ ಹೋದಳು. ಮುದುಕ ಕಣ್ಣು ಬಿಟ್ಟಾಗ ಎದುರಿಗೆ ಇದ್ದವನು ನಾನು. ನನ್ನ ಎರಡು ಕೈಯನ್ನೂ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ನೀರಿನಿಂದ ಬಂದ ಕೈ ಅಷ್ಟು ಬೆಚ್ಚಗಿರಲು ಆಗುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಒದ್ದೆ ಸೀರೆ ನೋಡಿ ಅಮ್ಮನಿಗೆ ಎಲ್ಲ ತಿಳಿಯಿತು. ಹೆಣ್ಣು ಹುಟ್ಟು ಹಿಡಿದಳೆಂದರೆ ಅವಳಿಗೆ ಮದುವೆಯಾಗುವುದಿಲ್ಲ, ಮಗ ದಾಟಲಿಲ್ಲ ಎಂದರೆ ಸರದಿ ಹೋಗುತ್ತದೆ, ಇಬ್ಬರೂ ಬಾಯಿ ಮುಚ್ಚಿಕೊಂಡಿರಿ ಎಂದಳು. ಆ ಸುಳ್ಳಿನಲ್ಲಿ ಮೂವರ ಹೊಟ್ಟೆಪಾಡು ಇತ್ತು. ಅದಕ್ಕಾಗಿ ನಾನು ಇವತ್ತಿಗೂ ತಲೆ ತಗ್ಗಿಸುವುದಿಲ್ಲ. ಹೆದರಿದ್ದಕ್ಕೂ ತಗ್ಗಿಸುವುದಿಲ್ಲ. ಹೊಳೆ ಹಾಗಿತ್ತು. ಆಮೇಲೆ ಮಾಡಿದ್ದು ಮಾತ್ರ ನನ್ನೊಬ್ಬನದು.

ಮದುವೆ ಮನೆಯವರು ನನ್ನನ್ನು ಕರೆಸಿ ಊಟಕ್ಕೆ ಹಾಕಿ ವೀಳ್ಯ ಕೊಟ್ಟರು. ಅಕ್ಕಸಾಲಿ ಹೋದ ಹೋದ ಊರಲ್ಲಿ ನನ್ನ ಕಥೆ ಹೇಳಿದರು. ಹೊಳೆಯ ನಡುವೆ ನಾನು ಅವರಿಗೆ ಅಳ್ಳಾಡಬೇಡ ತಾತ ಎಂದೆನಂತೆ, ಚಳಿಗೆ ನನ್ನ ದನಿ ಹೆಣ್ಣಿನ ದನಿಯ ಹಾಗೆ ಸಣ್ಣಗಾಗಿತ್ತಂತೆ. ಸರದಿ ನನ್ನ ಹೆಸರಿಗಾಯಿತು. ಮುಂದಿನ ವರ್ಷಗಳಲ್ಲಿ ನಾನು ನಿಜವಾಗಿಯೂ ಕೆಂಪು ನೀರು ದಾಟಿದೆ, ಒಂದಲ್ಲ, ಬಹಳ ಸಲ. ಹುಟ್ಟು ಹಾಕುವುದರಲ್ಲಿ ರೇವಿನ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಜನ ಹೇಳುತ್ತಿದ್ದದ್ದು ಆ ಮೊದಲನೆಯದನ್ನು. ಅದನ್ನು ಕೇಳಿಯೇ ಅರಕಲಗೂಡಿನ ಕಡೆಯ ನಮ್ಮವರೊಬ್ಬರು ಹುಡುಕಿಕೊಂಡು ಬಂದು ಮಗಳನ್ನು ನನಗೆ ಕೊಟ್ಟರು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹೆಂಡತಿ ಆ ಕಥೆಯನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಹೇಳುತ್ತಾ ಹೇಳುತ್ತಾ ಮತ್ತಿಯ ಮರ ದೊಡ್ಡದಾಯಿತು. ನಾನು ಅದನ್ನು ಕಾಲಿನಿಂದ ಒದ್ದು ಆಚೆಗೆ ತಳ್ಳಿದ್ದೂ ಸೇರಿಕೊಂಡಿತು.

ಅಷ್ಟರಲ್ಲಿ ಅಕ್ಕನಿಗೂ ಮದುವೆಯಾಗಿತ್ತು. ಚನ್ನರಾಯಪಟ್ಟಣದಿಂದ ಆಚೆಗೆ ಬಯಲು ಸೀಮೆಯ ಒಂದು ಹಳ್ಳಿ. ತವರಿಗೆ ಬಂದಾಗಲೆಲ್ಲ ಹೊಳೆಯ ದಡದಲ್ಲಿ ಕುಳಿತು, “ನಮ್ಮೂರ್ನಾಗೆ ನೀರು ಅಂದ್ರೆ ಬಿಂದಿಗೇಲಿರೋದು ಕಣ್ಲಾ” ಎಂದು ನಗುತ್ತಿದ್ದಳು. ಕೆಂಪು ನೀರಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ಹೆಂಡತಿ ಅವಳ ಎದುರಿಗೇ ಆ ಕಥೆ ಹೇಳಿದಾಗ ಹೌದಾ, ಹಾಗಾ ಎಂದು ಕೇಳಿಸಿಕೊಂಡಳು.

ಕೆಲವು ವರ್ಷಕ್ಕೆ ಭಾವ ಕಾಯಿಲೆಯಿಂದ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಗಂಡನ ಮನೆಯವರು ಇರಬೇಡ ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅಕ್ಕ ಒಂದು ಟ್ರಂಕು ಹಿಡಿದು ರೇವಿಗೆ ಬಂದಳು. ಅಮ್ಮ ಆಗಲೇ ಇರಲಿಲ್ಲ. ನನ್ನ ಮನೆಯಲ್ಲಿ ಉಂಡಳು, ಬಲೆ ಹೆಣೆದಳು, ಮೀನು ಹೊತ್ತು ಪೇಟೆಗೆ ಹೋದಳು. ನನ್ನ ಹೆಂಡತಿ ಅವಳಿಗೆ ಒಂದು ಮಾತು ಅಂದವಳಲ್ಲ. ಆದರೂ ತಮ್ಮನ ಮನೆಯ ಅನ್ನ ಅಕ್ಕನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಬೇಸಗೆಯಲ್ಲಿ ಬಲೆ ಒಣಹಾಕುತ್ತಾ ನನಗೆ ಹೇಳಿದಳು: ನಮ್ಮ ಮನೆಯ ಎರಡು ದಿನದಲ್ಲಿ ಸಂತೆಯ ದಿನ ನೀನೇ ಇಟ್ಟುಕೊ. ಮಾರನೆಯ ದಿನ ಜನ ಕಡಿಮೆ, ಅದನ್ನು ನನಗೆ ಬಿಡು. ಬೇರೆ ಗುಡಿಸಲು ಹಾಕಿಕೊಂಡು ಹೇಗೋ ಇರುತ್ತೇನೆ. ಯಜಮಾನರನ್ನು ನಾನೇ ಕೇಳುತ್ತೇನೆ.

“ನೀನು ಇದ್ದುದ್ನ ಇದ್ದಂಗೆ ಏಳ್ಬುಡು, ಸಾಕು” ಎಂದಳು.

ನಾನು ಹೂ ಎಂದೆ.

ಸಂಜೆ ಹೊಂಗೆಮರದ ಕೆಳಗೆ ರೇವಿನವರು ಸೇರಿದರು. ಬೇಸಗೆಯಾದ್ದರಿಂದ ಹೊಳೆ ಸಣ್ಣಗೆ, ತಿಳಿಯಾಗಿ, ಮೊಣಕಾಲಿಗೆ ಬರುವಷ್ಟೇ ಇತ್ತು. ಅಂಥ ಹೊಳೆಯ ಮುಂದೆ ಕುಳಿತು ಕೆಂಪು ನೀರಿನ ಮಾತಾಡುವುದು ಎಲ್ಲರಿಗೂ ಸುಲಭ. ಅಕ್ಕ ತನ್ನ ಕೋರಿಕೆ ಹೇಳಿಕೊಂಡಳು. ಯಜಮಾನರು ಸಮಾಧಾನವಾಗಿಯೇ ಕೇಳಿದರು.

“ಕೆಂಪ್ನೀರು ದಾಟ್ದೋರ್ಗೆ ಸರದಿ ಕಣವ್ವ. ಅದು ನಾನು ಮಾಡಿದ್ದಲ್ಲ. ನೀನು ಯಾವತ್ತಾದ್ರೂ ದಾಟಿದ್ದೀಯಾ?”

“ದಾಟಿದ್ದೀನಿ ದೊಡ್ಡಯ್ಯ. ತಾಳಿ ತಂದ ಅಕ್ಕಸಾಲಿ ತಾತನ್ನ ಕರ್ಕೊಂಡು ಬಂದೋಳು ನಾನೇ.”

ಹಿಂದಿನಿಂದ ಒಬ್ಬ, “ಆ ಮದ್ವೇಲಿ ಮಂತ್ರ ಏಳಿದ್ದೂ ನೀನೇ ಇರ್ಬೇಕು” ಎಂದ. ಯಜಮಾನರು ಅವನನ್ನು ಗದರಿಸಿ ನನ್ನ ಕಡೆ ತಿರುಗಿದರು. ಅಕ್ಕಸಾಲಿ ಬದುಕಿರಲಿಲ್ಲ. ಬದುಕಿದ್ದರೂ ಕಣ್ಣು ಮುಚ್ಚಿ ಕುಳಿತಿದ್ದವರು ಏನು ಹೇಳಿಯಾರು? ಹೇಳಬಲ್ಲವನು ನಾನೊಬ್ಬನೇ.

“ಏನ್ಲಾ ಮಗ, ನೀನ್ ಏಳು.”

ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದಳು. ಅವಳ ತಮ್ಮ ಊರಿಂದ ಬಂದವನು ಪಕ್ಕದಲ್ಲಿದ್ದ. ಇಬ್ಬರೂ ನಗುಮುಖದಿಂದ ನನ್ನನ್ನು ನೋಡುತ್ತಿದ್ದರು. ನನ್ನ ಸರದಿ ಹೋಗುವುದೆಂಬ ಭಯ ನನಗಿರಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ನನ್ನ ತೋಳಿನಿಂದಲೇ ಸಂಪಾದಿಸಿದ್ದೆ. ಆ ಇಬ್ಬರ ಮುಖದಲ್ಲಿದ್ದ ನಗು ಹೋಗುವುದು ನನಗೆ ಬೇಡವಾಗಿತ್ತು.

“ನಮ್ಮಕ್ಕ ಮೊದ್ಲಿಂದ್ಲೂ ಇಂಗೇ ತಮಾಸೆ ಮಾಡ್ತಾಳೆ ಬುಡಿ ದೊಡ್ಡಯ್ಯ” ಎಂದು ನಕ್ಕೆ.

ಎಲ್ಲರೂ ನಕ್ಕರು. ಅಕ್ಕ ಗುರುತು ಸಿಗದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ನಾನು ಹೇಳಿದ್ದು ಸುಳ್ಳು ಎಂದು ಅವಳು ಕೂಗಬಹುದಾಗಿತ್ತು. ಹೊಸ ನೀರು ಬರಲಿ, ದಾಟಿ ತೋರಿಸುತ್ತೇನೆ ಎಂದು ಪಂಥ ಕಟ್ಟಬಹುದಾಗಿತ್ತು. “ಹೂ ದೊಡ್ಡಯ್ಯ, ತಮಾಸೆಗಂದೆ” ಎಂದಳು. ಎರಡನೆಯ ಸಲ ನನ್ನ ಮಾನ ಉಳಿಸಿ, ಮಡಿಲಿನಲ್ಲಿದ್ದ ಬಲೆಯ ದಾರದ ಉಂಡೆಯನ್ನು ಸುತ್ತುತ್ತಾ ಮನೆಗೆ ಹೋದಳು.

ಆಗ ಗೊರೂರಿನಲ್ಲಿ ನಮ್ಮ ಹೊಳೆಗೇ ಅಣೆ ಕಟ್ಟುವ ಕೆಲಸ ಶುರುವಾಗಿ ಆಳುಗಳು ಬೇಕಾಗಿದ್ದರು. ಆ ವಾರವೇ ಪೇಟೆಯ ಕಡೆಯ ಹೆಂಗಸರ ಗುಂಪಿನ ಜೊತೆ ಅಕ್ಕ ಅಲ್ಲಿಗೆ ಮಣ್ಣು ಹೊರಲು ಹೋದಳು. ಬಸ್ಸಿನವರೆಗೆ ಟ್ರಂಕು ಹೊತ್ತವನು ನಾನೇ. ಮಗುವಿಗೆ ನೆಗಡಿಯಾಗಿದೆ, ಎಣ್ಣೆ ಬಿಸಿ ಮಾಡಿ ಹಚ್ಚಲು ಹೇಳು ಎಂದು ಅವಳು ಹೇಳಿದಳು.

ಇದಾದ ಮೇಲೂ ನಾನು ಚೆನ್ನಾಗಿಯೇ ಉಂಡೆ, ಮಲಗಿದೆ. ತಪ್ಪು ಮಾಡಿದವನಿಗೆ ನಿದ್ದೆ ಬರುವುದಿಲ್ಲ ಎಂಬುದೆಲ್ಲ ಸುಳ್ಳು. ನನ್ನನ್ನು ಎಬ್ಬಿಸಿದ್ದು ಬೇರೆ.

ಮುಂದಿನ ಮಳೆಗಾಲದಲ್ಲಿ ಯಜಮಾನರ ಮೊಮ್ಮಗ ಕೆಂಪು ನೀರು ದಾಟಬೇಕಾಗಿತ್ತು. ತಾತ ಅವನನ್ನು ನನ್ನ ಕೈಗೆ ಒಪ್ಪಿಸಿದ್ದರು. ಮದುವೆಯ ವಯಸ್ಸಿನವನು, ಒಳ್ಳೆಯ ತೋಳು. ದಡದಲ್ಲಿ ನಿಂತು ನೀರನ್ನು ನೋಡಿದವನು ಯಾರಿಗೂ ಕೇಳದ ಹಾಗೆ, “ಮಾವ, ಮೊದಲ್ನೇ ಸಲ ನಿಂಗೆ ಎದರಿಕೆ ಆಗ್ಲಿಲ್ವಾ?” ಎಂದ.

“ಇಲ್ಲ” ಎಂದೆ.

ಅವನು ಹರಿಗೋಲು ಬಿಟ್ಟ. ಹೆದರಿಕೆಯನ್ನು ಮುಚ್ಚಿಡಲು ನೀರನ್ನು ಹೊಡೆಯತೊಡಗಿದ. ನಡುಹೊಳೆಗೆ ಹೋಗುವ ಮೊದಲೇ ಹರಿಗೋಲು ಮಗುಚಿತು. ನಾವು ಮೂವರು ಇನ್ನೊಂದು ಹರಿಗೋಲು ಹಾಕಿ ಹಿಂದೆ ಬಿದ್ದೆವು. ಬಹಳ ಕೆಳಗೆ, ನೀರಿನಲ್ಲಿ ನಿಂತಿದ್ದ ಒಂದು ನೀರಂಜಿ ಗಿಡದ ಕೊಂಬೆಯನ್ನು ತಬ್ಬಿಕೊಂಡಿದ್ದ. ದಡಕ್ಕೆ ತಂದು ಹಾಕಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ನಿನ್ನ ಹಾಗೆ ನನಗೆ ಆಗಲಿಲ್ಲ ಮಾವ ಎಂದು ಅತ್ತ. ನನಗೂ ಆಗಿರಲಿಲ್ಲ ಕಣೋ ಎಂಬ ಮಾತು ನನ್ನ ಬಾಯಿಗೆ ಬಂದು ನಿಂತಿತು.

ಮಾರನೆಯ ದಿನ ಹಾಸನಕ್ಕೆ ಹೋಗಿ, ಅಲ್ಲಿಂದ ಗೊರೂರಿನ ಬಸ್ಸು ಹಿಡಿದೆ. ಕೆಲಸದವರ ತಗಡಿನ ಮನೆಗಳ ಸಾಲಿನಲ್ಲಿ ವಿಚಾರಿಸಿದರೆ ಎಲ್ಲರಿಗೂ ಅಕ್ಕ ಗೊತ್ತಿತ್ತು. ಕಲ್ಲಿನ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕೈ ಒರಟಾಗಿತ್ತು, ಮೈ ಕಪ್ಪಾಗಿತ್ತು, ಮೊದಲಿಗಿಂತ ಗಟ್ಟಿಯಾಗಿಯೇ ಕಂಡಳು. ಮೊದಲು ಉಣ್ಣು ಎಂದಳು. ಉಂಡೆ. ಆಮೇಲೆ, ಅವತ್ತು ಹೊಂಗೆಮರದ ಕೆಳಗೆ ನಾನು ಸುಳ್ಳು ಹೇಳಿದೆ ಅಕ್ಕ ಎಂದು ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

“ಅದ್ನ ನಂಗ್ಯಾಕೆ ಏಳ್ತೀಯೋ? ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಓಗಿ ಏಳು.”

ಬರುತ್ತೀಯಾ ಎಂದು ಕೇಳಿದೆ. ರಜದ ದಿನ ನೋಡಿ ಬರುತ್ತೇನೆ, ಆದರೆ ಈ ಸಲ ನಾನು ಬಾಯಿ ಬಿಡುವುದಿಲ್ಲ ಎಂದಳು.

ಬಂದಳು. ನಾನೇ ಮನೆ ಮನೆಗೆ ಹೋಗಿ ಎಲ್ಲರನ್ನೂ ಕರೆದಿದ್ದೆ. ಅದೇ ಹೊಂಗೆಮರ. ಹೊಳೆ ಇನ್ನೂ ಕೆಂಪಾಗಿ ಹರಿಯುತ್ತಿತ್ತು. ಅದರ ಸದ್ದಿನ ಮೇಲೆ ಕೇಳಿಸಬೇಕೆಂದು ದನಿ ಎತ್ತಿ ಹೇಳಿದೆ. ನೀರು ನೋಡದೆ ಓ ಎಂದದ್ದು, ಹರಿಗೋಲಿನ ಹಿಂದೆ ಕುಕ್ಕರು ಕುಳಿತದ್ದು, ಹೊಟ್ಟೆನೋವು ಎಂದದ್ದು, ಕೊಪ್ಪೆ ಹಾಕಿಕೊಂಡು ಹೋದವಳು ಯಾರು, ಬಂದು ನನ್ನ ಕೈಗೆ ಹುಟ್ಟು ಕೊಟ್ಟವಳು ಯಾರು, ಒಂದನ್ನೂ ಬಿಡಲಿಲ್ಲ. ಮರವನ್ನು ಕಾಲಿನಿಂದ ಒದ್ದದ್ದೂ ಸುಳ್ಳು ಎಂದೆ. ಯಜಮಾನರ ಮೊಮ್ಮಗನ ಹೆಸರು ಹಿಡಿದು, ಅವತ್ತು ನೀನು ಕೇಳಿದ್ದಕ್ಕೆ ಹೌದು, ಬಹಳ ಹೆದರಿಕೆಯಾಗಿತ್ತು ಎಂದೆ.

ಮೊದಲು ಮಾತಾಡಿದವಳು ನನ್ನ ಹೆಂಡತಿ. ಗಂಡಸರ ನಡುವೆ ಅವಳು ಬಾಯಿ ಬಿಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು.

“ಅಂಗಾದ್ರೆ ನಮ್ಮಪ್ಪ ನನ್ನ ನಿಮ್ಮಕ್ಕಂಗೇ ಕೊಡ್ಬೇಕಾಗಿತ್ತು.”

ಜನ ನಕ್ಕರು. ಅವಳು ನಗಲಿಲ್ಲ. ನನ್ನ ಜೊತೆ ಅವಳು ಸರಿಯಾಗಿ ಮಾತಾಡಲು ಆಮೇಲೆ ಬಹಳ ದಿನ ಹಿಡಿಯಿತು. ಅದು ನ್ಯಾಯವೇ.

ಮೊದಲು ಮಂತ್ರದ ಮಾತಾಡಿದ್ದವನೇ ಎದ್ದು, ಆದದ್ದು ಆಯಿತು, ಹಾಗೆಂದು ಹೆಂಗಸಿನ ಕೈಗೆ ಹುಟ್ಟು ಕೊಡುವುದು ಹೇಗೆ ಎಂದ. ಯಜಮಾನರು ಹೊಳೆಯ ಕಡೆ ಕೈ ತೋರಿಸಿದರು. ಮೊಮ್ಮಗ ಅವರ ಪಕ್ಕದಲ್ಲಿ ಕುಳಿತಿದ್ದ.

“ಇಂಥ ನೀರ್ನಾಗೆ ಒಳೆ ಅವ್ಳನ್ನ ಬ್ಯಾಡ ಅನ್ಲಿಲ್ಲ. ಬ್ಯಾಡ ಅನ್ನಾಕೆ ನಾನ್ಯಾವನ್ಲಾ?” ಎಂದರು. ನನ್ನ ಕಡೆ ನೋಡದೆಯೇ ತೀರ್ಮಾನ ಹೇಳಿದರು. ನಾನು ಆಮೇಲೆ ದಾಟಿದ ನೀರನ್ನು ಕೇರಿಯೆಲ್ಲ ಕಂಡಿದೆ, ಅದಕ್ಕೆ ಸಂತೆಯ ಮಾರನೆಯ ದಿನ ನನಗೆ. ಮೊದಲು ದಾಟಿದವಳು ಅಕ್ಕ, ಸಂತೆಯ ದಿನ ಅವಳಿಗೆ. ಅವಳು ಕೇಳಿದ್ದಕ್ಕಿಂತ ಅದು ಹೆಚ್ಚಾಗಿತ್ತು, ಅವಳ ಪಾಲಿಗಿಂತ ಹೆಚ್ಚಲ್ಲ.

ಜನ ಏಳತೊಡಗಿದರು. ಅಕ್ಕ ಹೆಂಗಸರ ನಡುವಿನಿಂದ ನನ್ನ ಬಳಿಗೆ ಬಂದು, “ಆಯ್ತಲ್ಲ, ನಡೀಲಾ ಮನೆಗೆ” ಎಂದಳು.

ಇನ್ನೂ ಆಗಿರಲಿಲ್ಲ. ನಡೆದದ್ದನ್ನು ಎಲ್ಲರಿಗೂ ಹೇಳಿದ್ದೆ. ಅವಳಿಗೆ ಹೇಳಬೇಕಾದದ್ದನ್ನು ಹೇಳಿರಲಿಲ್ಲ. ಏಳುತ್ತಿದ್ದವರನ್ನು ಸ್ವಲ್ಪ ನಿಲ್ಲಿ ಎಂದೆ. ನಿಂತರು. ಅವರೆಲ್ಲರ ಎದುರಿಗೆ ಅಕ್ಕನ ಮುಖ ನೋಡಿಕೊಂಡು, ಕೇಳಿಸುವ ಹಾಗೆ ಹೇಳಿದೆ.

“ಅಕ್ಕ, ಅವತ್ತು ನೀರಿಗೆ ಎದರ್ಕೊಂಡಿದ್ದಕ್ಕೆ ನಾನು ಏನೂ ಏಳಕಿಲ್ಲ. ಇದ್ದುದ್ನ ಇದ್ದಂಗೆ ಏಳು ಅಂತ ನೀನು ಕೇಳ್ದೆ, ಹೂ ಅಂದೆ. ಆಮ್ಯಾಕೆ ಇದೇ ಜನದ ಮುಂದೆ ನಿನ್ನ ನೋಡಿ ನಕ್ಕೆ, ಎಲ್ರನ್ನೂ ನಗಿಸ್ದೆ. ಅದು ತಪ್ಪು. ನನ್ನಿಂದ ತಪ್ಪಾಯ್ತು ಕಣಕ್ಕ.”